ಬಾಯಿಂದ ಹಚ್ಚಿದ ಬಣ್ಣ

7 ಸೆಪ್ಟೆಂಬರ್ 2003, ಭಾನುವಾರ, ಬೆಳಿಗ್ಗೆ

ರೊಟ್ಟಿ ಆಯಿತು. ಬದನೆಕಾಯಿ ಆಯಿತು. ನನ್ನ ಗಂಡ ಕಂಡಕ್ಟರ್ ಸಾಹೇಬರ ಖಾಕಿ ಅಂಗಿಗೆ ಗುಂಡಿ ಹಚ್ಚಿದ್ದಾಯಿತು—ಸರಕಾರಿ ಬಸ್ಸಿನ ಮಾನ ನನ್ನ ಸೂಜಿಯ ತುದಿಯ ಮೇಲೆ ನಿಂತಿದೆ. ಆರನೇ ಕ್ಲಾಸಿನ ನೋಟ್‌ಬುಕ್ಕುಗಳ ಗಂಟು ಇನ್ನೂ ಬಿಚ್ಚಿಲ್ಲ.

ಅತ್ತೆಯವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಪಾದದ ಮೇಲಿತ್ತು. ಬಿಸಿಲು ಅವರಿಗೆ ಕಾಣುವುದಿಲ್ಲ, ಬಿಸಿ ತಿಳಿಯುತ್ತದೆ. ಎರಡೂ ಕಣ್ಣಿಗೆ ಪೊರೆ. ಬೆಳಕು, ಕತ್ತಲೆ—ಅಷ್ಟು ಗೊತ್ತಾಗುತ್ತದೆ. ಮಿಕ್ಕಿದ್ದೆಲ್ಲ ಮಜ್ಜಿಗೆ.

"ದುರ್ಗಿ, ನವಿಲಿನ ಮ್ಯಾಲ ಬಿಸಲು ಬಂತೇನ?"

"ಬಂತ್ರಿ ಅತ್ತಿ. ಕುತ್ತಿಗಿ ನೀಲಿ ಮಿಂಚಾಕತ್ತೈತಿ."

"ಹೂಂ. ಈ ಹೊತ್ತಿಗೆ ಅದು ಭಾಳ ಛಂದ."

ಎದುರಿನ ಗೋಡೆಯಲ್ಲಿ ನವಿಲಿಲ್ಲ. ಎಂದೂ ಇರಲಿಲ್ಲ. ಅಲ್ಲಿರುವುದು ಒಂದು ಮೊಳೆ, ಮೊಳೆಗೆ ಹೋದ ವರ್ಷದ ಕ್ಯಾಲೆಂಡರಿನ ರಟ್ಟು, ಅದರ ಪಕ್ಕದಲ್ಲಿ ಮಳೆನೀರು ಇಳಿದ ಕಲೆ. ಕಲೆ ದೂರದಿಂದ ಎಮ್ಮೆಯಂತೆ ಕಾಣುತ್ತದೆ. ಹತ್ತಿರದಿಂದಲೂ.

ಈ ಸುಳ್ಳಿಗೆ ಈಗ ಆರು ವರ್ಷ. ಕೊಪ್ಪಳ ಜಿಲ್ಲೆ ಆದ ವರ್ಷ ಹುಟ್ಟಿದ್ದು. ಜಿಲ್ಲೆಗಿಂತ ಚೆನ್ನಾಗಿ ಬೆಳೆದಿದೆ. ಆ ದೀಪಾವಳಿಗೆ ನನಗೆ ಟೈಫಾಯಿಡ್. ಮನೆಗೆ ಸುಣ್ಣ ಹಚ್ಚಲಿಲ್ಲ. ಅತ್ತೆಯವರ ಕಣ್ಣು ಆಗಷ್ಟೇ ಮಂಜಾಗಿತ್ತು. "ಸುಣ್ಣ ಹಚ್ಚಿದ್ರೇನವ್ವಾ?" ಎಂದು ಕೇಳಿದ ದನಿಯಲ್ಲಿ ಏನೋ ಇತ್ತು. ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಹಚ್ಚೀವ್ರಿ, ಈ ಸಲ ಹಸರು" ಅಂದೆ. ಯಾಕೆ ಹಸಿರು ಅಂದೆನೋ. ಬಿಳಿ ಅಂದಿದ್ದರೆ ಸುಳ್ಳು ಅಲ್ಲಿಗೇ ಮಲಗುತ್ತಿತ್ತು. ಅವರ ಮುಖ ಅರಳಿತು. ಮುಂದಿನ ವರ್ಷ ಅಡುಗೆಮನೆ ಹಳದಿ. ಅದರ ಮುಂದಿನ ವರ್ಷ ನವಿಲು.

ಕೆಲವರು ಮನೆಗೆ ಬಣ್ಣವನ್ನು ಬ್ರಷ್ಷಿನಿಂದ ಹಚ್ಚುತ್ತಾರೆ. ನಾನು ಬಾಯಿಂದ. ಎರಡು ಕೋಟು.

14 ಸೆಪ್ಟೆಂಬರ್, ಭಾನುವಾರ

ಆಗಬಾರದ್ದು ಆಯಿತು. ಅಂದರೆ, ಆಗಬೇಕಾದ್ದೇ ಆಯಿತು.

ಗಂಗಾವತಿಯ ಕಣ್ಣಿನ ಡಾಕ್ಟರ ಬಗ್ಗೆ ಇವರು ಮತ್ತೆ ಮಾತು ತೆಗೆದರು. ವರ್ಷಕ್ಕೆರಡು ಸಲ ತೆಗೆಯುತ್ತಾರೆ. ಅತ್ತೆಯವರು ವರ್ಷಕ್ಕೆರಡು ಸಲ ಬ್ಯಾಡ ಅನ್ನುತ್ತಾರೆ. ಆಪರೇಷನ್ ಎಂದರೆ ಅವರಿಗೆ ಚಾಕು, ಚಾಕು ಎಂದರೆ ಈರುಳ್ಳಿ, ಈರುಳ್ಳಿ ಎಂದರೆ ಕಣ್ಣೀರು—ಅವರ ತರ್ಕಕ್ಕೆ ಉತ್ತರ ಕೊಟ್ಟವರಿಲ್ಲ. ಪೊರೆ ಪೂರಾ ಹಣ್ಣಾಗಿದೆ, ಇನ್ನು ತಡ ಮಾಡಿದರೆ ಕಣ್ಣೇ ಹೋಗಬಹುದು ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಯಿತು.

ಇವತ್ತು: "ಆತು. ಮಾಡಸ್ತೀನಿ."

ಇವರು ತುತ್ತು ಕೈಯಲ್ಲೇ ಹಿಡಿದು ಕೂತರು. "ಖರೇನ ಬೇ?"

"ಖರೇನ. ಒಂದು ಕಣ್ಣಿಗೆ ಮಾಡಸ್ತೀನಿ ಮದ್ಲು."

"ಇಷ್ಟು ದಿನ ಬ್ಯಾಡ ಅಂದಾಕಿ, ಈಗ್ಯಾಕ?"

"ಸಾಯೂದ್ರಾಗ ಒಮ್ಮೆ ಆ ನವಿಲು ನೋಡಬೇಕಲ್ಲಪಾ."

ಇವರು ನನ್ನನ್ನು ನೋಡಿದರು. ನಾನು ರೊಟ್ಟಿಯನ್ನು ನೋಡಿದೆ. ರೊಟ್ಟಿ ಸುಟ್ಟಿತು.

15 ಸೆಪ್ಟೆಂಬರ್, ಸೋಮವಾರ, ಸಾಲಿ ಬಿಟ್ಟ ಮೇಲೆ

ಪಕ್ಕದ ಮನೆಯ ಕಟ್ಟೆಯ ಮೇಲೆ ತುರ್ತು ಸಭೆ. ಹಾಜರಿದ್ದವರು: ನಾನು, ಕಂಡಕ್ಟರ್ ಸಾಹೇಬರು, ಮತ್ತು ತಾಜಬೀ. ತಾಜಬೀ ಬಳೆ ಮಾರುವವಳು, ಅರವತ್ತರ ಹತ್ತಿರ, ದಿನಾ ಮಧ್ಯಾಹ್ನ ಬುಟ್ಟಿ ಇಳಿಸಿ ನಮ್ಮ ಪಡಸಾಲೆಯಲ್ಲಿ ಅತ್ತೆಯವರ ಜೊತೆ ಎಲೆಯಡಿಕೆ ಹಾಕುತ್ತಾಳೆ. ಅವಳ ಕಣ್ಣು ಹದ್ದಿನಂತಿವೆ. ನಾಲ್ಕು ವರ್ಷದಿಂದ ಖಾಲಿ ಗೋಡೆಯನ್ನು ನೋಡುತ್ತಾ "ಹೌದು ಪಾರಕ್ಕ, ನವಿಲು ಛಲೋ ಐತಿ" ಎಂದು ಸಾಕ್ಷಿ ಹೇಳುತ್ತಾ ಬಂದಿದ್ದಾಳೆ.

"ಟೀಚರ್, ಒಂದು ಮಾತು ಹೇಳೂದು ಉಳದೈತಿ," ಅಂದಳು.

"ಏನು?"

"ನವಿಲಿನ ಗರಿಗೆ ನಾ ಕನ್ನಡಿ ಹಚ್ಚೀನಿ."

"ಯಾವಾಗ?"

"ಹ್ವಾದ ಬ್ಯಾಸಗ್ಯಾಗ. ಬರೇ ನವಿಲು ಎಷ್ಟು ದಿನ ಅಂತ ಹೊಗಳಲಿ? ಬ್ಯಾಸರಾತು. ಗರಿಗೊಂದೊಂದು ಕನ್ನಡಿ ಚೂರು ಅದಾವ ಅಂದೆ. ಪಾರಕ್ಕ ಭಾಳ ಖುಷಿ ಆತು."

ಇವರು ಗಂಟಲು ಸರಿಮಾಡಿಕೊಂಡರು. ಹದಿನೇಳು ವರ್ಷದ ದಾಂಪತ್ಯದಲ್ಲಿ ಆ ಸದ್ದಿನ ಅರ್ಥ ನನಗೆ ಗೊತ್ತು.

"ನೀವೇನು ಹಚ್ಚೀರಿ?"

"ಝುಮ್ಮರ," ಅಂದರು, ಟಿಕೆಟ್ ಕಟ್ಟು ಇಲ್ಲದ ಬರಿಗೈ ನೋಡಿಕೊಳ್ಳುತ್ತಾ. "ನಡುವಿನ ಜಂತಿಗೆ. ಒಂದಿನ ಡ್ಯೂಟಿ ಮುಗಿಸಿ ಬಂದಿದ್ದೆ, ಯವ್ವ ಸಪ್ಪಗ ಕುಂತಿದ್ಲು. ಬಾಯಿಗೆ ಬಂದದ್ದು ಝುಮ್ಮರ."

ಒಂದು ಬಲ್ಬಿನ ಮನೆಗೆ ಅರಮನೆಯ ಗಾಜಿನ ತೂಗುದೀಪ ತೂಗಿದ ಮಗ. ನಾನು ಒಬ್ಬಳೇ ಪಾಪಿ ಎಂದುಕೊಂಡಿದ್ದೆ. ಇದು ಸಂಘ. ನೋಂದಣಿ ಒಂದು ಬಾಕಿ.

ಠರಾವು: ಆಪರೇಷನ್ ಆದ ಮೇಲೆ ಅತ್ತೆಯವರು ಮುನಿರಾಬಾದಿನ ಮಗಳ ಮನೆಯಲ್ಲಿ ಇಪ್ಪತ್ತು ದಿನ ಇರಬೇಕು—ಹೊಗೆ ಆಗದು, ಬಗ್ಗುವ ಹಾಗಿಲ್ಲ. ಆ ಇಪ್ಪತ್ತು ದಿನ ನನಗೆ ದಸರಾ ರಜೆ. ಅಷ್ಟರೊಳಗೆ ಹೇಳಿದ ಮನೆಯನ್ನು ಇದ್ದ ಮನೆಯ ಮೇಲೆ ಹಚ್ಚಬೇಕು. ಪೇಂಟರನನ್ನು ಕರೆದರೆ ಸಂಜೆಯೊಳಗೆ ಕುಷ್ಟಗಿ ತುಂಬಾ ಸುದ್ದಿ. ನಾವೇ ಹಚ್ಚಬೇಕು.

"ಖರೇ ಹೇಳಿಬಿಟ್ರ?" ಎಂದು ಕೇಳಿದೆ.

"ಹೇಳು," ಅಂದಳು ತಾಜಬೀ. "ಆಪರೇಷನ್ ಬ್ಯಾಡ ಅಂತಾಳ. ನವಿಲಿಗಂತ ಕಣ್ಣು ಕೇಳ್ಯಾಳ, ಎಮ್ಮಿಗಲ್ಲ."

21 ಸೆಪ್ಟೆಂಬರ್, ಭಾನುವಾರ

ಆರು ವರ್ಷದಲ್ಲಿ ಹೇಳಿದ್ದು ನನಗೇ ನೆನಪಿಲ್ಲ. ನೋಟ್‌ಬುಕ್ ತಿದ್ದುವ ನೆವದಲ್ಲಿ ಅತ್ತೆಯವರ ಎದುರು ಕೂತೆ. "ಅತ್ತಿ, ಕಣ್ಣು ಬಂದ ಮ್ಯಾಲ ಏನೇನು ನೋಡ್ತೀರಿ ಹೇಳ್ರಿ" ಅಂದೆ. ಒಬ್ಬ ಹುಡುಗನ ಲೆಕ್ಕದ ಕೆಳಗೆ ಬರೆದುಕೊಳ್ಳುತ್ತಾ ಹೋದೆ. ಪಾಪ, ಅವನಿಗೆ ಹತ್ತಕ್ಕೆ ಹತ್ತು ಕೊಟ್ಟು ಹಾಳೆ ಹರಿದುಕೊಂಡೆ.

ಅವರು ಹೇಳಿದ ಮನೆ: ಒಳಗೆ ಕಾಲಿಟ್ಟರೆ ಗಿಣಿ ಹಸಿರು. ಮಳೆ ಬಂದ ಮರುದಿನದ ಜೋಳದ ಹೊಲದಲ್ಲಿ ನಿಂತ ಹಾಗೆ. ಮಧ್ಯದಲ್ಲಿ ಝುಮ್ಮರ, ಗಾಳಿಗೆ ಸಣ್ಣಗೆ ಗುಣುಗುತ್ತದೆ. ("ನಂಗ ಒಮ್ಮೊಮ್ಮೆ ಕೇಳಸ್ತೈತಿ" ಅಂದರು. ಅದು ಪಾತ್ರೆ ಬುಟ್ಟಿ.) ಎಡಕ್ಕೆ ಅಡುಗೆಮನೆ, ಅರಿಶಿನದ ಹಾಗೆ ಹಳದಿ, ಹೊಗೆಯೂ ಅಲ್ಲಿ ಬಂಗಾರದ ಬಣ್ಣವಾಗಿ ಏಳುತ್ತದೆ. ಎದುರಿಗೆ ನವಿಲು, ಗರಿ ಬಿಚ್ಚಿದ್ದು. ಹೊತ್ತು ಏರಿದಾಗ ಗರಿಯ ಕನ್ನಡಿಗಳಿಗೆ ಬಿಸಿಲು ಬಿದ್ದು ಮನೆ ತುಂಬಾ ಬೆಳಕಿನ ಚುಕ್ಕಿ. ಮಾವನವರ ಫೋಟೋದ ಹಣೆಯ ಮೇಲೂ ಒಂದು.

ಕೇಳುತ್ತಾ ಕೇಳುತ್ತಾ ನನ್ನ ಪೆನ್ನು ನಿಂತಿತ್ತು. ಅರ್ಧಕ್ಕಿಂತ ಹೆಚ್ಚು ನಾನು ಹೇಳಿದ್ದಲ್ಲ. ನಾನು ಅಡಿಪಾಯ ಹಾಕಿದ್ದೆ, ಕಟ್ಟಿದವರು ಅವರು. ಈ ಕಂಬಕ್ಕೇ ಒರಗಿ ಎಂಥಾ ಮನೆಯಲ್ಲಿ ಇದ್ದಾರೆ ಇವರು. ಅದೇ ಮನೆಯಲ್ಲಿ ನಾನೂ ಇದ್ದೇನೆ, ಅವರ ಸೊಸೆಯಾಗಿ—ನನಗೆ ಮಾತ್ರ ಅದರ ವಿಳಾಸ ಗೊತ್ತಿಲ್ಲ.

29 ಸೆಪ್ಟೆಂಬರ್, ಸೋಮವಾರ, ಗಂಗಾವತಿ

ಬೆಳಗಿನ ಬಸ್ಸು. ಕನಕಗಿರಿ ದಾಟಿ ಕಾಲುವೆ ಬಂದದ್ದೇ ಅತ್ತೆಯವರು ಮೂಗು ಏರಿಸಿದರು. "ಭತ್ತ."

ದವಾಖಾನೆಯಲ್ಲಿ ಹಸಿರು ಗೌನು ತೊಡಿಸಿದರು. "ಯಾವ ಬಣ್ಣದ್ದವ್ವಾ ಇದು?" ಎಂದು ಕೇಳಿದರು. ಹಸಿರು ಅಂದೆ. "ನಮ್ಮ ಪಡಸಾಲಿ ಹಸರೇನು?" ಅದಕ್ಕಿಂತ ಕಡಿಮೆ ಅಂದೆ.

ಒಳಗೆ ಕರೆದುಕೊಂಡು ಹೋಗುವಾಗ ನನ್ನ ಕೈ ಬಿಡಲಿಲ್ಲ. ಬೆರಳು ತಣ್ಣಗಿದ್ದವು. ನರ್ಸು ಎರಡು ಸಲ "ಬರ್ರಿ ಅಮ್ಮಾ" ಅಂದಳು.

"ದುರ್ಗಿ. ನವಿಲು ಖರೇ ಐತಲ್ಲ?"

ಆರು ವರ್ಷದಲ್ಲಿ ಒಮ್ಮೆಯೂ ಹೀಗೆ ಕೇಳಿರಲಿಲ್ಲ. ಇಲ್ಲ ಅಂದರೆ ಈಗಿಂದೀಗ ತಿರುಗಿ ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಕಣ್ಣೂ ಹೋಗುತ್ತದೆ.

"ಐತ್ರಿ ಅತ್ತಿ."

ಕೈ ಬಿಟ್ಟರು. ಬಾಗಿಲು ಮುಚ್ಚಿತು.

ಇಷ್ಟು ದಿನ ಹೇಳಿದ್ದೆಲ್ಲ ತಮಾಷೆ. ಸುಳ್ಳು ಹೇಳಿದ್ದು ಇವತ್ತು.

1 ಅಕ್ಟೋಬರ್, ಬುಧವಾರ

ಬಲಗಣ್ಣು. ಪಟ್ಟಿ ಬಿಚ್ಚಿದರು, ಕಾಣುತ್ತಿದೆ. ನಾದಿನಿ ಅಮರಮ್ಮ ಅಲ್ಲಿಂದಲೇ ಮುನಿರಾಬಾದಿಗೆ ಕರೆದುಕೊಂಡು ಹೋದಳು. ನಾನು ಕುಷ್ಟಗಿಗೆ. ಬಸ್ಸಿನಲ್ಲಿ ಮಡಿಲ ಮೇಲೆ ಹಸಿರು ಎಣ್ಣೆ ಬಣ್ಣದ ಡಬ್ಬಿ. ದಾರಿಯುದ್ದಕ್ಕೂ ಅದನ್ನು ಕೂಸಿನ ಹಾಗೆ ಹಿಡಿದಿದ್ದೆ.

2 ಅಕ್ಟೋಬರ್, ಗುರುವಾರ

ಗಾಂಧಿ ಜಯಂತಿ. ಸತ್ಯದ ದಿನ. ಪಡಸಾಲೆಗೆ ಸುಳ್ಳಿನ ಮೊದಲ ಕೋಟು ಹಚ್ಚಿದೆ.

ಏನು ಹೊಳಪು. ಮಧ್ಯಾಹ್ನ ಅಂಗಳದಿಂದ ನೋಡಿದರೆ ಮನೆಯೊಳಗೆ ಕೆರೆ ತುಂಬಿದ ಹಾಗಿತ್ತು. ನನ್ನ ಕೈಯ ಮೇಲೆ ನನಗೇ ಗೌರವ ಬಂತು.

4 ಅಕ್ಟೋಬರ್, ಶನಿವಾರ

ಗೌರವ ವಾಪಸು.

ಮಣ್ಣಿನ ಗೋಡೆ ಉಸಿರಾಡುತ್ತದಂತೆ. ಎಣ್ಣೆ ಬಣ್ಣ ಮೂಗು ಹಿಡಿದರೆ ಸುಮ್ಮನಿರುವುದೇ? ಬೆಳಿಗ್ಗೆ ಎದ್ದರೆ ಗೋಡೆಯ ತುಂಬಾ ಗುಳ್ಳೆ. ಮುಟ್ಟಿದೆ—ಹಪ್ಪಳದ ಹಾಗೆ ಕಳಚಿ ಕೈಗೆ ಬಂತು. ಒಂದು, ಇನ್ನೊಂದು. ಇವರು ನೆಲದ ಮೇಲಿನ ಹಸಿರು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಕರಿಯೂದೋ, ಸುಡೂದೋ?"

ಇಡೀ ದಿನ ಕೆರೆದೆವು. ಸಂಜೆ ತಾಜಬೀ ಬಂದು ನಿಂತು ನೋಡಿದಳು. ಅವಳ ಅಪ್ಪ ಗೋಡೆ ಕಟ್ಟುವ ಗೌಂಡಿ ಇದ್ದವನು. "ಮಣ್ಣಿಗೆ ಸುಣ್ಣಾನ ಸೈ, ಟೀಚರ್. ಸುಣ್ಣದಾಗ ಹಸರು ಪುಡಿ ಕಲಸು. ನಮ್ಮನ್ನ ಒಂದು ಮಾತು ಕೇಳಬಾರದಾ?"

6 ಅಕ್ಟೋಬರ್, ಸೋಮವಾರ

ಸುಣ್ಣ ಕುದಿಯಿತು. ಪುಂಡಿ ನಾರಿನ ಕುಂಚ ಕಟ್ಟಿದೆವು. ಹಸಿರು ಪುಡಿ ಹಾಕಿದೆ. ಹಸಿಯಿದ್ದಾಗ ಗಿಣಿ. ಒಣಗಿದ ಮೇಲೆ ಗಿಣಿಯ ಅಜ್ಜ. ಇನ್ನಷ್ಟು ಪುಡಿ. ಒಣಗಿದ ಮೇಲೆ ಅಜ್ಜನ ತಮ್ಮ. ಮೂರನೇ ಕೋಟಿಗೆ ಗಿಣಿ ಬಂದು ಕೂತಿತು. ಉಗುರಿನ ಸಂದಿಯಲ್ಲಿ ಸುಣ್ಣ ಕಡಿದು ಉರಿಯುತ್ತಿದೆ. ಅಕ್ಷರ ಸೊಟ್ಟ.

8 ಅಕ್ಟೋಬರ್, ಬುಧವಾರ

ಇದನ್ನು ಬರೆಯಬಾರದು ಎಂದುಕೊಂಡೆ. ಆದರೆ ಓದುವವರು ಯಾರೂ ಇಲ್ಲವಲ್ಲ.

ಅಡುಗೆಮನೆ ಹಳದಿ ಆಗಬೇಕು. ಹಳದಿ ಪುಡಿ ಅಂಗಡಿಯಲ್ಲಿ ಮುಗಿದಿತ್ತು. ಮನೆಯಲ್ಲಿ ಅರಿಶಿನ ಧಾರಾಳ ಇತ್ತು. ಅರಿಶಿನದಷ್ಟು ಹಳದಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಸುಣ್ಣದ ಬಕೆಟ್ಟಿಗೆ ಅರಿಶಿನ ಸುರಿದೆ.

ಕೆಂಪಾಯಿತು.

ಹದಿನೇಳು ವರ್ಷದಿಂದ ಈ ಮನೆಯಲ್ಲಿ ಆರತಿ ಎತ್ತುತ್ತಿದ್ದೇನೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡಿ, ಎಷ್ಟು ಮದುಮಕ್ಕಳ ದೃಷ್ಟಿ ತೆಗೆದಿದ್ದೇನೆ. ತಟ್ಟೆಯಲ್ಲಿ ಗೊತ್ತಿದ್ದದ್ದು ಬಕೆಟ್ಟಿನಲ್ಲಿ ಮರೆತುಹೋಯಿತು. ತಾಜಬೀ ಬಾಗಿಲಲ್ಲಿ ಕೂತು ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಇಡೀ ಅಡಗಿಮನಿಗೆ ಆರತಿ ಎತ್ತಿದಿಯಲ್ಲ ಯವ್ವಾ. ಇನ್ನ ಈ ಮನಿಗೆ ಯಾರ ಕಣ್ಣೂ ಬೀಳಂಗಿಲ್ಲ."

ಬೀಳಬೇಕಾಗಿರುವುದೇ ಒಂದು ಕಣ್ಣು, ತಾಜಬೀ.

ಅರ್ಧ ಗೋಡೆ ಹಚ್ಚಿಯೇ ಬಿಟ್ಟಿದ್ದೆ—ಹಚ್ಚುತ್ತಾ ಹೋದರೆ ಹಳದಿ ಆದೀತು ಎಂಬ ಆಸೆ. ಇವರು ಯಲಬುರ್ಗಾ ಟ್ರಿಪ್ಪಿನಲ್ಲಿ ಹಳದಿ ಪುಡಿ ತಂದರು. ಕೆಂಪಿನ ಮೇಲೆ ಹಳದಿ ಹಚ್ಚಿದೆ. ಈಗ ಸೂರ್ಯ ಮುಳುಗುವ ಹೊತ್ತಿನ ಬಣ್ಣ. ಇಡೀ ದಿನ ಅದೇ ಹೊತ್ತು. ಒಲೆಯ ಮುಂದೆ ಕೂತರೆ ಎಲ್ಲಿಗೋ ಹೊರಟು ನಿಂತ ಹಾಗೆ ಅನಿಸುತ್ತದೆ.

10 ಅಕ್ಟೋಬರ್, ಶುಕ್ರವಾರ

ಝುಮ್ಮರ ದಿನ. ಹಳೇ ಸೈಕಲ್ಲಿನ ರಿಮ್ಮು, ಗೋಣಿದಾರ, ತಾಜಬೀಯ ಬುಟ್ಟಿಯಲ್ಲಿ ಜೋಡಿ ತಪ್ಪಿದ ಗಾಜಿನ ಬಳೆಗಳು. ಕಂಡಕ್ಟರ್ ಸಾಹೇಬರು ಜಂತಿಗೆ ಹಗ್ಗ ಕಟ್ಟಿ "ರೈಟ್ ರೈಟ್" ಅಂದರು. ರಿಮ್ಮು ಒಂದು ಕಡೆ ವಾಲಿ ಅರ್ಧ ಬಳೆ ನೆಲಕ್ಕೆ. ಎರಡನೇ ಸಲ ನಾಲ್ಕು ಕಡೆ ಕಟ್ಟಿದೆವು. ನಿಂತಿತು.

ಬೆಳಕಿಂಡಿಯ ಬಿಸಿಲು ಬಳೆಗಳೊಳಗೆ ಇಳಿದು ಹಸಿರು ಗೋಡೆಯ ಮೇಲೆ ಬಣ್ಣದ ಉಂಗುರಗಳು ತೇಲಾಡುತ್ತಿದ್ದವು. ಗಾಳಿ ಬಂತು. ಸಣ್ಣಗೆ ಗುಣುಗಿತು.

"ಯವ್ವಗ ಇದಾ ಸಪ್ಪಳ ಕೇಳಿಸಿತ್ತೇನ," ಅಂದರು ಇವರು.

12 ಅಕ್ಟೋಬರ್, ಭಾನುವಾರ

ಮುನಿರಾಬಾದಿನಿಂದ ಫೋನು. ಅತ್ತೆಯವರೇ ಮಾತಾಡಿದರು. "ಅಮರವ್ವನ ಕ್ವಾರ್ಟರ್ಸು ಎಲ್ಲಾ ಬಿಳಿ ಐತೆವ್ವಾ, ದವಾಖಾನ್ಯಾಗ ಇದ್ದಂಗ ಆಗೈತಿ. ಕಾಲನ್ಯಾಗ ಎಲ್ಲಾರಿಗೂ ನಮ್ಮ ನವಿಲು ಹೇಳೀನಿ. ಮುಂದಿನ ಐತವಾರ ಬರ್ತೀನಿ."

ಮುಂದಿನ ಐತವಾರ. ನವಿಲು ಇನ್ನೂ ಮೊಟ್ಟೆಯಲ್ಲಿದೆ.

14 ಅಕ್ಟೋಬರ್, ಮಂಗಳವಾರ

ಹದಿನಾಲ್ಕು ವರ್ಷ ರಾಷ್ಟ್ರಪಕ್ಷಿಯ ಪಾಠ ಮಾಡಿದ್ದೇನೆ. ಅದರ ಕಾಲಿಗೆ ಎಷ್ಟು ಬೆರಳು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಇದ್ದಿಲಿನಿಂದ ಗೀಚಿದೆ. ಅಳಿಸಿದೆ. ಗೀಚಿದೆ. ಇವರು ಊಟಕ್ಕೆ ಬಂದವರು ಚಪ್ಪಲಿ ಬಿಡದೆ ನಿಂತು ನೋಡಿದರು.

"ಕೋಳಿ ಛಲೋ ಬಂದೈತಿ."

ಕುತ್ತಿಗೆ ಉದ್ದ ಮಾಡಿದೆ. "ಈಗ ಒಂಟಿ." ಗರಿ ಬಿಚ್ಚಿದೆ. "ಹಾಂ, ಈಗ ಏನೋ ಆಗೈತಿ."

ಬಣ್ಣ ಹಚ್ಚಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಕನ್ನಡಿ ಚೂರು ನಿಲ್ಲುತ್ತಿರಲಿಲ್ಲ. ತಾಜಬೀ ನೆನಪಿಸಿಕೊಂಡಳು: "ನಮ್ಮಪ್ಪ ಗಾರಿಯಾಗ ಬೆಲ್ಲದ ನೀರು ಹಾಕ್ತಿದ್ದ. ಗಟ್ಟಿ ಹಿಡಿತೈತಿ."

"ಎಷ್ಟು ಹಾಕ್ತಿದ್ದ?"

"ಅದು ಅಪ್ಪಗ ಗೊತ್ತಿತ್ತು."

ಬೆಲ್ಲದ ಪೆಂಟೆ ಕರಗಿಸಿ ಪಾಕದ ಹಾಗೆ ಮಾಡಿ ಎಲ್ಲಾ ಬಣ್ಣಕ್ಕೂ ಕಲಸಿದೆ. ಗಟ್ಟಿ ಹಿಡಿಯಿತು. ಕನ್ನಡಿ ಹಲ್ಲಿನ ಹಾಗೆ ಕೂತವು. ನೀಲಿ ಕುತ್ತಿಗೆ, ಹಸಿರು ಗರಿ, ಗರಿಗೊಂದು ಕಣ್ಣು. ಎಮ್ಮೆಯ ಕಲೆ ಪೂರಾ ಮುಚ್ಚಿತು. ಕಾಲು ಮಾತ್ರ ಬರಲಿಲ್ಲ. ಹುಲ್ಲು ಬರೆದು ಮುಚ್ಚಿದೆ.

ಸಂಜೆ ಕಂಬಕ್ಕೆ ಒರಗಿ, ಅತ್ತೆಯವರ ಜಾಗದಲ್ಲಿ, ಸುಮ್ಮನೆ ಕೂತೆ. ಇದೇ ಇದ್ದೀತೇ ಆ ಮನೆ? ಹತ್ತಿರದ್ದು. ಬಹುಶಃ ಪಕ್ಕದ ಮನೆ.

17 ಅಕ್ಟೋಬರ್, ಶುಕ್ರವಾರ

ಇರುವೆ.

ಎರಡು ದಿನ ಬರೆಯಲು ಪುರಸೊತ್ತಾಗಲಿಲ್ಲ. ಕೆಂಪಿರುವೆಯಲ್ಲ, ಕರಿಯವು, ಕಚ್ಚದವು. ನೆಲದ ಬಿರುಕಿನಿಂದ ಹೊರಟು ಸಾಲಾಗಿ ಹುಲ್ಲು ಹತ್ತಿ, ಹೊಟ್ಟೆ ಹತ್ತಿ, ಗರಿಗರಿಗೂ ಹಂಚಿಕೊಂಡು ಕೂತಿವೆ. ಹಸಿರು ಗೋಡೆಗೆ ಒಂದೂ ಹೋಗಿಲ್ಲ. ಬೆಲ್ಲ ಇದ್ದಲ್ಲಿ ಮಾತ್ರ. ನನಗಿಂತ ಚೆನ್ನಾಗಿ ಗೆರೆ ಗೊತ್ತು ಅವಕ್ಕೆ.

ಪೊರಕೆಯಿಂದ ಝಾಡಿಸಿದೆ. ಗಳಿಗೆಯಲ್ಲಿ ವಾಪಸು. ಸೀಮೆಎಣ್ಣೆ ಬಟ್ಟೆ ಒರೆಸಿದೆ—ಬಣ್ಣ ಎದ್ದಿತು, ಇರುವೆ ಏಳಲಿಲ್ಲ. ಗೋಡೆಯ ಬುಡಕ್ಕೆ ಅರಿಶಿನದ ಗೆರೆ ಎಳೆದೆ, ದಾಟುವುದಿಲ್ಲ ಅಂತಾರಲ್ಲ. ಹಸಿ ಸುಣ್ಣಕ್ಕೆ ಅರಿಶಿನ ತಾಗಿ ಕೆಂಪಾಯಿತು. ಎರಡನೇ ಸಲ. ನಾನು ಟೀಚರು.

"ಅಂಚು ಛಲೋ ಕಾಣ್ತೈತಿ ಬಿಡು," ಅಂದಳು ತಾಜಬೀ. "ಇಳಕಲ್ಲ ಸೀರಿ ಇದ್ದಂಗ."

18 ಅಕ್ಟೋಬರ್, ಶನಿವಾರ

ನವಿಲನ್ನು ಪೂರಾ ಕೆರೆದು ಹಾಕೋಣ ಎಂದು ಮಚ್ಚು ಹಿಡಿದು ನಿಂತೆ. ಕೆರೆದರೆ ಎಮ್ಮೆ ಬರುತ್ತದೆ. ಮಚ್ಚು ಇಟ್ಟೆ.

ಖರೆ ಹೇಳುವುದು ಹೇಗೆ ಎಂದು ಬರೆದು ನೋಡಿದೆ. 'ಅತ್ತಿ, ಆರು ವರ್ಷದಿಂದ...' ಎಂಬಲ್ಲಿಗೆ ವಾಕ್ಯ ನಿಲ್ಲುತ್ತದೆ. ಮಕ್ಕಳಿಗೆ ವಾಕ್ಯ ಪೂರ್ತಿ ಮಾಡಿರಿ ಎಂದು ಕೊಡುತ್ತೇನೆ. ಎಷ್ಟು ಕಷ್ಟ ಎಂದು ಈಗ ತಿಳಿಯಿತು.

19 ಅಕ್ಟೋಬರ್, ಭಾನುವಾರ, ಸಂಜೆ

ಅತ್ತೆಯವರು ಬೆಳಿಗ್ಗೆ ಹತ್ತೂವರೆಗೆ ಬಂದರು. ಇವರೇ ಹೋಗಿ ಕರೆದುಕೊಂಡು ಬಂದದ್ದು. ದಪ್ಪ ಕರಿ ಕನ್ನಡಕ, ಕಿವಿಯ ತನಕ. ನಾನೂ ತಾಜಬೀಯೂ ಬಾಗಿಲಲ್ಲಿ ನಿಂತಿದ್ದೆವು, ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ನಿಂತವರ ಹಾಗೆ.

ಮೊದಲು ನನ್ನ ಮುಖ ನೋಡಿದರು. ಹತ್ತಿರ ಬಂದು, ಗದ್ದ ಹಿಡಿದು.

"ಕೂದ್ಲ ಬೆಳ್ಳಗಾಗ್ಯಾವಲ್ಲ ದುರ್ಗಿ."

"ಹೂಂನ್ರಿ."

"ಇದನ್ನ ಹೇಳಿರಲಿಲ್ಲ."

ಒಳಗೆ ಬಂದರು. ಝುಮ್ಮರ ನೋಡಿದರು. ಅಡುಗೆಮನೆಗೆ ಇಣುಕಿ "ಸಂಜಿ ಆತೇನ?" ಅಂದರು. ಪಡಸಾಲೆಯ ಗೋಡೆಗೆ ಅಂಗೈ ಒತ್ತಿದರು—ಆರು ವರ್ಷದಿಂದ ಈ ಗೋಡೆ ಹಿಡಿದೇ ಓಡಾಡಿದ ಕೈ. ಅಂಗೈ ತಿರುಗಿಸಿ ನೋಡಿಕೊಂಡರು. ಹಸಿರಾಗಿತ್ತು. ಮೂಸಿದರು.

"ಹಸಿ ಸುಣ್ಣ."

ತಾಜಬೀ ಎಲೆಯಡಿಕೆ ಚೀಲ ಬಿಚ್ಚಿದಳು, ಕಟ್ಟಿದಳು. ಇವರು ಕಿಸೆಯಲ್ಲಿ ಚಿಲ್ಲರೆ ಹುಡುಕುವವರ ಹಾಗೆ ಹುಡುಕಿದರು. ನಾನು ಬಾಯಿ ತೆರೆದೆ. "ಅತ್ತಿ, ಆರು ವರ್ಷದಿಂದ..."

ಅವರು ಕೇಳುತ್ತಿರಲಿಲ್ಲ. ಎದುರಿನ ಗೋಡೆ ನೋಡುತ್ತಿದ್ದರು.

ಆ ಹೊತ್ತಿಗೆ ಸರಿಯಾಗಿ ಬೆಳಕಿಂಡಿಯ ಬಿಸಿಲು ನವಿಲಿನ ಮೇಲೆ ಬಂದಿತ್ತು. ಬಿಸಿಗೆ ಇರುವೆಗಳಿಗೆ ಜೀವ ಬಂದು, ಗರಿಯ ಗೆರೆಗೆರೆಯಲ್ಲೂ ಹರಿಯುತ್ತಿದ್ದವು. ಕುತ್ತಿಗೆಯಲ್ಲಿ ಮೇಲಕ್ಕೆ, ಗರಿಯಲ್ಲಿ ಹೊರಕ್ಕೆ, ಮತ್ತೆ ಒಳಕ್ಕೆ. ಕನ್ನಡಿಗಳನ್ನು ದಾಟುವಾಗ ಬೆಳಕು ಮುಚ್ಚಿ ತೆರೆದು, ಗೋಡೆ ತುಂಬಾ ಚುಕ್ಕಿಗಳು ನಡುಗುತ್ತಿದ್ದವು. ಮಾವನವರ ಫೋಟೋದ ಹಣೆಯ ಮೇಲೂ ಒಂದು. ಅತ್ತೆಯವರ ಕರಿ ಕನ್ನಡಕದಲ್ಲಿ ಎರಡು ಸಣ್ಣ ನವಿಲು. ಅವೂ ಆಡುತ್ತಿದ್ದವು.

ನಾನೂ ಅದನ್ನು ಇವತ್ತೇ ನೋಡಿದ್ದು. ಮೂರು ದಿನ ಬರೀ ಇರುವೆ ನೋಡಿದ್ದೆ.

ಎಷ್ಟು ಹೊತ್ತೋ. ಬಿಸಿಲು ಗರಿಯಿಂದ ಸರಿದು ಮೊಳೆಯ ಗುರುತಿಗೆ ಬಂತು. ಅತ್ತೆಯವರು ಕಂಬ ಹಿಡಿದು ಮೆಲ್ಲಗೆ ಕೂತರು.

"ಆರು ವರ್ಷ ಬಣ್ಣ ಹೇಳಿದಿ, ಕುತ್ತಿಗಿ ಹೇಳಿದಿ, ಕನ್ನಡಿ ಹೇಳಿದ್ರಿ," ಅಂದರು. "ಕುಣಿತೈತಿ ಅಂತ ಒಬ್ಬರೂ ಹೇಳಲಿಲ್ಲಲ್ಲ."

ತಾಜಬೀಯೇ ಅಂದಳು: "ಈಗೀಗ ಕಲ್ತೈತಿ ಪಾರಕ್ಕ."

24 ಅಕ್ಟೋಬರ್, ಶುಕ್ರವಾರ

ನಾಳೆ ದೀಪಾವಳಿ. ಕರಜಿಕಾಯಿಗೆ ಪುಠಾಣಿ ಕುಟ್ಟಿದ್ದಾಯಿತು.

ಐದು ದಿನದಿಂದ ಅತ್ತೆಯವರು ಹಸಿ ಸುಣ್ಣದ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ. ಆದರೆ ಬೆಳಿಗ್ಗೆ ಚಹಾ ಆದ ಮೇಲೆ ಸಕ್ಕರೆ ಡಬ್ಬಿ ಕೇಳುತ್ತಾರೆ. ಕೈ ಚಾಚಿ—ಬಗ್ಗುವ ಹಾಗಿಲ್ಲ—ಗೋಡೆಯ ಬುಡಕ್ಕೆ ಒಂದು ಚಿಟಿಕೆ ಉದುರಿಸುತ್ತಾರೆ.

"ಏನದು ಬೇ?" ಎಂದು ಇವರು ಕೇಳಿದರು.

"ನವಿಲಿಗೆ ಕಾಳು."

ಇವರು ನನ್ನನ್ನು ನೋಡಿದರು. ನೋಡಲು ಈ ಸಲ ರೊಟ್ಟಿ ಇರಲಿಲ್ಲ. ನಕ್ಕೆ.

28 ಅಕ್ಟೋಬರ್, ಮಂಗಳವಾರ, ಬೆಳಿಗ್ಗೆ

ರಜೆ ಮುಗಿಯಿತು. ನೋಟ್‌ಬುಕ್ಕಿನ ಗಂಟು ಮತ್ತೆ ಬಂದಿದೆ. ರೊಟ್ಟಿ ಆಯಿತು.

ಕಣ್ಣು ತೋರಿಸಲು ನಿನ್ನೆ ಗಂಗಾವತಿಗೆ ಹೋಗಿದ್ದೆವು. ಬಲಗಣ್ಣು ಸ್ವಚ್ಛ. ಕರಿ ಕನ್ನಡಕ ತೆಗೆದರು. ಎಡಗಣ್ಣನ್ನೂ ಜನವರಿಯೊಳಗೆ ಮಾಡಿಸಬೇಕು, ಬಿಟ್ಟರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಅತ್ತೆಯವರು ಒಲ್ಲೆ ಅಂದರು. ಚಾಕು, ಈರುಳ್ಳಿ, ಕಣ್ಣೀರು. ಬಸ್ಸಿನಲ್ಲಿ ಎಷ್ಟು ಹೇಳಿದರೂ ಕಿಟಕಿಯ ಆಚೆ ಭತ್ತ ನೋಡುತ್ತಾ ಕೂತರು. ಹಸಿರು ಎಷ್ಟು ನಮೂನೆ ಇವೆ ಎಂದು ಎಣಿಸುತ್ತಿದ್ದರಂತೆ.

ಈಗ ಕಂಬಕ್ಕೆ ಒರಗಿ ಕೂತಿದ್ದಾರೆ. ಬಿಸಿಲು ಪಾದದ ಮೇಲಿದೆ. ಬಲಗಣ್ಣಿಗೆ ಸೆರಗು ಅಡ್ಡ ಹಿಡಿದಿದ್ದಾರೆ.

"ಕಣ್ಣು ನೋಯಾಕತ್ತೈತೇನ್ರಿ ಅತ್ತಿ?"

"ಇಲ್ಲ. ಈ ಎಡಗಣ್ಣಿಗೆ ಮಜ್ಜಿಗಿ ಬಿಟ್ಟು ಏನೂ ಕಾಣಂಗಿಲ್ಲ. ಇದಕ್ಕ ಒಂದೀಟು ಏನಾರ ಹೇಳು."

"ಏನು ಹೇಳ್ಲಿ?"

"ದೇವರಮನಿ. ಅದಕ್ಕ ನೀ ಆರು ವರ್ಷದಾಗ ಏನೂ ಹಚ್ಚಿಲ್ಲ. ಹೇಳು. ಛಂದ ಇತ್ತಂದ್ರ, ನೋಡಾಕ ಈ ಕಣ್ಣೂ ಮಾಡಸ್ತೀನಿ."

ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಇವರು ಬಾಗಿಲಿಂದಲೇ: "ವಿಚಾರ ಮಾಡಿ ಹೇಳು ಮಾರಾಯ್ತಿ. ಕಟ್ಟಾವ್ರು ನಾವ." ತಾಜಬೀ ಇವತ್ತು ಬೆಳಿಗ್ಗೆಯೇ ಬುಟ್ಟಿ ಇಳಿಸಿ, ಏನೂ ಗೊತ್ತಿಲ್ಲದವಳ ಹಾಗೆ ಎಲೆಗೆ ಸುಣ್ಣ ಸವರುತ್ತಾ, ಕಿವಿ ಇತ್ತ ಕಡೆ.

ದೇವರಮನೆಯಲ್ಲಿ ಒಂದು ಗೂಡು, ಒಂದು ದೀಪ, ಎಣ್ಣೆ ಮಸಿ ಹಿಡಿದ ಗೋಡೆ. ಅಷ್ಟೆ. ನಾನು ಕಣ್ಣು ಮುಚ್ಚಿದೆ. ಮಸಿ ಮೆಲ್ಲಗೆ ಆಕಾಶವಾಯಿತು. ಬರೆದುಕೊಳ್ಳುತ್ತಾ ಹೇಳುತ್ತೇನೆ, ಈ ಸಲ ಮರೆಯಬಾರದು—

"ಅತ್ತಿ, ಬಾಗಲಾ ತಗದ್ರ ಮದ್ಲು ಒಂದು ಆಕಾಶ..."